ಒಂದಕ್ಷರದ ವ್ಯತ್ಯಾಸ: ಕುಡುಗೋಲು ಕಣದ ರೋಗವೂ ಇಂಗಾಲದ ಹಾಳೆಯೂ

ಭಾಷಾಭ್ಯಾಸದಲ್ಲಿ ತೊಡಗಿದ ಬಾಲಕನಿಗೆ ಗುರುವು ಮೊದಲು ಬೋಧಿಸುವುದು ಅಕ್ಷರಶುದ್ಧಿಯನ್ನು. ‘ಅನಲ’ ಎಂದರೆ ಬೆಂಕಿ. ‘ಅನಿಲ’ ಎಂದರೆ ಗಾಳಿ. ನಡುವಣ ನಕಾರಕ್ಕೆ ಒಂದು ಗುಡಿಸು ಸೇರಿದ ಮಾತ್ರಕ್ಕೆ ಬೆಂಕಿಯು ಗಾಳಿಯಾಯಿತು. ‘ಕರ’ ಎಂದರೆ ಕೈ. ‘ಖರ’ ಎಂದರೆ ಕತ್ತೆ. ಅಲ್ಪಪ್ರಾಣವು ಮಹಾಪ್ರಾಣವಾದುದರಿಂದ ಒದಗಿದ ಅನರ್ಥವಿದು. ಇನ್ನು ಅಕ್ಷರಗಳು ಬದಲಾಗದೆ ಅವುಗಳ ಸ್ಥಾನ ಮಾತ್ರ ಬದಲಾದಾಗಲೂ ಅರ್ಥವು ಬೇರೆಯಾಗುವುದುಂಟು. ‘ನದಿ’ಯನ್ನು ತಿರುಗಿಸಿದರೆ ‘ದಿನ’. ‘ನವ’ವನ್ನು ತಿರುಗಿಸಿದರೆ ‘ವನ’. ‘ರಸ’ವನ್ನು ತಿರುಗಿಸಿದರೆ ‘ಸರ’. ಹೀಗೆ ಅರ್ಥಭೇದಕ್ಕೆ ಕಾರಣಗಳು ಎರಡು: ಒಂದು, ಅಕ್ಷರದ ವ್ಯತ್ಯಾಸ, ಇನ್ನೊಂದು, ಜೋಡಣೆಯ ವ್ಯತ್ಯಾಸ.

ಈ ಎರಡು ಕಾರಣಗಳು ಭಾಷೆಯಲ್ಲಿ ಮಾತ್ರವೇ ಅಲ್ಲ, ಪ್ರಕೃತಿಯಲ್ಲಿಯೂ ಕೆಲಸ ಮಾಡುತ್ತವೆ ಎಂಬುದನ್ನು ಕಳೆದ ನೂರು ವರ್ಷಗಳ ವಿಜ್ಞಾನವು ತೋರಿಸಿಕೊಟ್ಟಿದೆ. ಮನುಷ್ಯನ ರಕ್ತದಲ್ಲಿ ಒಂದಕ್ಷರ ತಪ್ಪಿದುದರಿಂದ ಉಂಟಾಗುವ ರೋಗವೊಂದಿದೆ. ಇಂಗಾಲವೆಂಬ ಒಂದೇ ವಸ್ತುವು ಬೇರೆ ಬೇರೆ ಬಗೆಯಲ್ಲಿ ಜೋಡಣೆಗೊಂಡು ಬೇರೆ ಬೇರೆ ಗುಣಗಳನ್ನು ಪಡೆಯುವ ಆಶ್ಚರ್ಯವೂ ಇದೆ. ಮೊದಲನೆಯದು ವೈದ್ಯರ ವಿಷಯ. ಎರಡನೆಯದು ವಿದ್ಯುನ್ಮಾನ ಶಾಸ್ತ್ರಜ್ಞರ ವಿಷಯ. ಇವೆರಡೂ 2021ರಲ್ಲಿ ಒಂದೇ ಪ್ರಯೋಗದಲ್ಲಿ ಸಂಧಿಸಿದುವು. ಆ ಸಂಧಿಯನ್ನು ವಿದ್ಯಾರ್ಥಿಗಳಿಗೆ ತಿಳಿಯುವಂತೆ ಬಿಡಿಸಿ ಹೇಳುವುದು ಈ ಲೇಖನದ ಉದ್ದೇಶ. ವಿಜ್ಞಾನವು ವಿಜ್ಞಾನದ ಅಧ್ಯಾಪಕರಿಗೆ ಮೀಸಲು, ಕನ್ನಡವು ಕನ್ನಡದ ಪಂಡಿತರಿಗೆ ಮೀಸಲು ಎಂಬ ಗೋಡೆಯಿಂದ ಇಬ್ಬರಿಗೂ ನಷ್ಟವೇ ಹೊರತು ಲಾಭವಿಲ್ಲ.

ರಕ್ತಕಣದ ವೃತ್ತಾಂತ

ನಮ್ಮ ರಕ್ತವು ಕೆಂಪಾಗಿ ಕಾಣುವುದು ಅದರಲ್ಲಿರುವ ಕೆಂಪು ಕಣಗಳಿಂದ. ಆರೋಗ್ಯವಂತನ ಕೆಂಪು ಕಣವು ನಡುವೆ ತಗ್ಗಾದ ದುಂಡು ಬಿಲ್ಲೆಯಂತಿದ್ದು, ಮೃದುವಾಗಿ ಬಾಗಿ ಬಳುಕಿ ಅತಿ ಸಣ್ಣ ರಕ್ತನಾಳಗಳಲ್ಲಿಯೂ ನುಸುಳಿ ಹೋಗುತ್ತದೆ. ಸುಮಾರು 120 ದಿನಗಳ ಕಾಲ ಬದುಕಿರುತ್ತದೆ. ಅದರೊಳಗೆ ತುಂಬಿರುವ ಹಿಮೋಗ್ಲೋಬಿನ್ ಎಂಬ ಪ್ರೋಟೀನು ಶ್ವಾಸಕೋಶದಲ್ಲಿ ಆಮ್ಲಜನಕವನ್ನು ಹೊತ್ತುಕೊಂಡು ದೇಹದ ಮೂಲೆಮೂಲೆಗೂ ಮುಟ್ಟಿಸುತ್ತದೆ.

1910ರಲ್ಲಿ ಅಮೆರಿಕದ ಶಿಕಾಗೋ ನಗರದ ವೈದ್ಯ ಜೇಮ್ಸ್ ಹೆರಿಕ್ ಎಂಬುವರು ಒಬ್ಬ ರೋಗಿಯ ರಕ್ತದಲ್ಲಿ ವಿಚಿತ್ರಾಕಾರದ ಕಣಗಳನ್ನು ಕಂಡು ವರದಿ ಮಾಡಿದರು. ಆ ರೋಗಿಯು ವೆಸ್ಟ್ ಇಂಡೀಸಿನ ಗ್ರೆನೇಡಾ ದ್ವೀಪದಿಂದ ದಂತವೈದ್ಯ ವಿದ್ಯೆ ಕಲಿಯಲು ಬಂದಿದ್ದ ಯುವಕ. ಅವನ ಕಣಗಳು ದುಂಡಾಗಿರದೆ ಹುಲ್ಲು ಕೊಯ್ಯುವ ಕುಡುಗೋಲಿನಂತೆ ಬಾಗಿ ಚೂಪಾಗಿದ್ದುವು. ಈ ರೋಗಕ್ಕೆ ‘ಸಿಕಲ್ ಸೆಲ್ ಅನೀಮಿಯಾ’ ಎಂಬ ಹೆಸರು ಬಂದುದು ಆ ಆಕಾರದಿಂದಲೇ. ನಾವು ಅದನ್ನು ಕುಡುಗೋಲು ಕಣದ ರಕ್ತಹೀನತೆ ಎನ್ನಬಹುದು. ಇಂಥ ಕಣಗಳು ಗಡುಸಾಗಿದ್ದು ಸಣ್ಣ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಹಳ್ಳದ ತಿರುವಿನಲ್ಲಿ ಮುಳ್ಳಿನ ಕೊಂಬೆಗಳು ಅಡ್ಡಬಿದ್ದು ನೀರು ನಿಲ್ಲುವಂತೆ ರಕ್ತದ ಹರಿವು ನಿಲ್ಲುತ್ತದೆ. ಕೈಕಾಲುಗಳಲ್ಲಿ, ಎದೆಯಲ್ಲಿ, ಮೂಳೆಗಳಲ್ಲಿ ಸಹಿಸಲಾಗದ ನೋವು ಉಂಟಾಗುತ್ತದೆ. ಕಣಗಳ ಆಯುಸ್ಸು 10ರಿಂದ 20 ದಿನಗಳಿಗೆ ಇಳಿಯುವುದರಿಂದ ರಕ್ತಹೀನತೆಯೂ ಬಿಡದೆ ಕಾಡುತ್ತದೆ.

ಕಾರಣವೇನೆಂಬುದು ಬಹುಕಾಲ ತಿಳಿಯಲಿಲ್ಲ. 1949ರಲ್ಲಿ ಲೈನಸ್ ಪಾಲಿಂಗ್ ಎಂಬ ರಸಾಯನಶಾಸ್ತ್ರಜ್ಞರು ತಮ್ಮ ಸಹೋದ್ಯೋಗಿಗಳೊಡನೆ ರೋಗಿಗಳ ಹಿಮೋಗ್ಲೋಬಿನನ್ನೂ ಆರೋಗ್ಯವಂತರ ಹಿಮೋಗ್ಲೋಬಿನನ್ನೂ ವಿದ್ಯುತ್‌ಕ್ಷೇತ್ರದಲ್ಲಿಟ್ಟು ಪರೀಕ್ಷಿಸಿದರು. ಎರಡೂ ಒಂದೇ ವೇಗದಲ್ಲಿ ಚಲಿಸಲಿಲ್ಲ. ಆದುದರಿಂದ ಎರಡರ ವಿದ್ಯುದಾವೇಶದಲ್ಲಿ ಭೇದವಿದೆ ಎಂಬುದು ಸ್ಪಷ್ಟವಾಯಿತು. ಪಾಲಿಂಗರು ಇದನ್ನು ‘ಅಣುವಿನ ರೋಗ’ ಎಂದು ಕರೆದರು. ಒಂದು ರೋಗದ ಮೂಲವು ಒಂದು ಅಣುವಿನ ರಚನೆಯಲ್ಲಿದೆ ಎಂದು ಸಾಧಿಸಿ ತೋರಿಸಿದುದು ಅದೇ ಮೊದಲು. ಕೆಲವೇ ವರ್ಷಗಳ ಅನಂತರ, 1956 ಮತ್ತು 1957ರಲ್ಲಿ, ಇಂಗ್ಲೆಂಡಿನ ಕೇಂಬ್ರಿಜ್ಜಿನಲ್ಲಿ ವರ್ನನ್ ಇಂಗ್ರಾಮ್ ಎಂಬುವರು ಹಿಮೋಗ್ಲೋಬಿನ್ನಿನ ಸರಪಣಿಯನ್ನು ತುಂಡುತುಂಡು ಮಾಡಿ ಕಾಗದದ ಮೇಲೆ ಹರಡಿ ನೋಡಿದರು. ಹತ್ತಾರು ಚುಕ್ಕೆಗಳಲ್ಲಿ ಒಂದೇ ಒಂದು ಚುಕ್ಕೆಯು ಸ್ಥಾನ ತಪ್ಪಿತ್ತು. ಆ ತುಂಡನ್ನು ಬಿಡಿಸಿ ನೋಡಲಾಗಿ, ಗ್ಲುಟಾಮಿಕ್ ಆಮ್ಲವಿರಬೇಕಾದ ಜಾಗದಲ್ಲಿ ವ್ಯಾಲೀನ್ ಎಂಬ ಬೇರೊಂದು ಘಟಕವಿದ್ದಿತು. ಹಿಮೋಗ್ಲೋಬಿನ್ನಿನ ಬೀಟಾ ಸರಪಣಿಯಲ್ಲಿ 146 ಅಮೈನೋ ಆಮ್ಲಗಳಿವೆ. ಅವುಗಳಲ್ಲಿ ಆರನೆಯದು ಮಾತ್ರ ಬದಲಾಗಿತ್ತು. ಉಳಿದ 145 ಯಥಾಸ್ಥಿತಿಯಲ್ಲಿದ್ದುವು.

ಒಂದು ಘಟಕ ಬದಲಾದರೆ ಇಷ್ಟು ಅನಾಹುತವೇಕೆ? ಗ್ಲುಟಾಮಿಕ್ ಆಮ್ಲವು ಋಣ ವಿದ್ಯುದಾವೇಶವುಳ್ಳದ್ದು, ನೀರಿನೊಡನೆ ಸ್ನೇಹವುಳ್ಳದ್ದು. ವ್ಯಾಲೀನಿಗೆ ಆವೇಶವಿಲ್ಲ, ಅದು ನೀರನ್ನು ಒಲ್ಲದು. ಹಿಮೋಗ್ಲೋಬಿನ್ನು ಆಮ್ಲಜನಕವನ್ನು ಇಳಿಸಿಕೊಟ್ಟ ಕೂಡಲೆ ಈ ವ್ಯಾಲೀನು ನೀರಿನಿಂದ ತಪ್ಪಿಸಿಕೊಳ್ಳಲು ನೆರೆಯ ಅಣುವಿನ ಸಂದಿನಲ್ಲಿ ಸೇರಿಕೊಳ್ಳುತ್ತದೆ. ಹೀಗೆ ಒಂದಕ್ಕೊಂದು ಅಂಟಿ 14 ಎಳೆಗಳ ಉದ್ದನೆಯ ಹುರಿಗಳಾಗುತ್ತವೆ. ಆ ಹುರಿಗಳು ಒಳಗಿನಿಂದ ಒತ್ತಿ ದುಂಡು ಕಣವನ್ನು ಕುಡುಗೋಲಾಗಿ ಮಾಡುತ್ತವೆ.

ಜೀವದ ಲಿಪಿ

ಈ ತಪ್ಪು ಬಂದುದೆಲ್ಲಿಂದ? ಪ್ರತಿಯೊಂದು ಜೀವಿಯ ಶರೀರಕ್ಕೂ ಒಂದು ಬರಹವುಂಟು. ಅದಕ್ಕೆ ಡಿಎನ್‌ಎ ಎಂದು ಹೆಸರು. ನಮ್ಮ ವರ್ಣಮಾಲೆಯಲ್ಲಿ 49 ಅಕ್ಷರಗಳಿದ್ದರೆ ಡಿಎನ್‌ಎ ಬರಹದಲ್ಲಿರುವುವು ನಾಲ್ಕೇ: ಎ, ಟಿ, ಜಿ, ಸಿ. ಮನುಷ್ಯನಲ್ಲಿ ಈ ಬರಹದ ಉದ್ದ ಸುಮಾರು 300 ಕೋಟಿ ಅಕ್ಷರಗಳು. ಇದನ್ನು ಓದುವ ಕ್ರಮವು ಛಂದಸ್ಸು ಓದಿದವರಿಗೆ ಸುಲಭವಾಗಿ ತಿಳಿಯುವಂಥದು. ಅಕ್ಷರಗಣಗಳಲ್ಲಿ ಗುರು, ಲಘು ಎಂಬ ಎರಡೇ ಬಗೆಗಳನ್ನು ಮೂರು ಮೂರಾಗಿ ಸೇರಿಸುತ್ತೇವೆ. ಎರಡನ್ನು ಮೂರು ಬಾರಿ ಗುಣಿಸಿದರೆ ಎಂಟು. ಆದುದರಿಂದ ಗಣಗಳು ಎಂಟು. ಡಿಎನ್‌ಎ ಬರಹವನ್ನೂ ಮೂರು ಮೂರು ಅಕ್ಷರಗಳ ಗಣಗಳಾಗಿಯೇ ಓದಬೇಕು. ಇಲ್ಲಿ ನಾಲ್ಕು ಬಗೆಯ ಅಕ್ಷರಗಳಿರುವುದರಿಂದ ನಾಲ್ಕನ್ನು ಮೂರು ಬಾರಿ ಗುಣಿಸಿದಾಗ 64 ಗಣಗಳಾಗುತ್ತವೆ. ಅವುಗಳಲ್ಲಿ 61 ಗಣಗಳು 20 ಬಗೆಯ ಅಮೈನೋ ಆಮ್ಲಗಳನ್ನು ಸೂಚಿಸುತ್ತವೆ. ಉಳಿದ ಮೂರು ಪೂರ್ಣವಿರಾಮದ ಚಿಹ್ನೆಗಳಂತೆ ಸರಪಣಿ ಮುಗಿಯಿತೆಂದು ತಿಳಿಸುತ್ತವೆ. ಈ ಸಂಕೇತವನ್ನು ಬಿಡಿಸಿದ ಮಹನೀಯರಲ್ಲಿ ಅವಿಭಜಿತ ಭಾರತದಲ್ಲಿ ಹುಟ್ಟಿದ ಹರಗೋವಿಂದ ಖುರಾನರೂ ಒಬ್ಬರು. 1968ರ ನೊಬೆಲ್ ಪಾರಿತೋಷಕವನ್ನು ಅವರು ನಿರೆನ್‌ಬರ್ಗ್ ಮತ್ತು ಹಾಲಿ ಅವರೊಡನೆ ಹಂಚಿಕೊಂಡರು.

ಕುಡುಗೋಲು ಕಣದ ರೋಗದಲ್ಲಿ ನಡೆದಿರುವುದು ಇಷ್ಟೆ: ‘ಜಿ-ಎ-ಜಿ’ ಎಂದಿರಬೇಕಾದ ಗಣವು ‘ಜಿ-ಟಿ-ಜಿ’ ಎಂದಾಗಿದೆ. ನಡುವಣ ಒಂದಕ್ಷರ ಬದಲಾಯಿತು. ಗ್ಲುಟಾಮಿಕ್ ಆಮ್ಲ ಹೋಗಿ ವ್ಯಾಲೀನ್ ಬಂದಿತು. ಇದೇ ಗಣದ ಕೊನೆಯ ‘ಜಿ’ಯು ‘ಎ’ ಆಗಿ ‘ಜಿ-ಎ-ಎ’ ಎಂದಾಗಿದ್ದರೆ ಯಾವ ಬಾಧೆಯೂ ಇರುತ್ತಿರಲಿಲ್ಲ; ಏಕೆಂದರೆ ಅದೂ ಗ್ಲುಟಾಮಿಕ್ ಆಮ್ಲವನ್ನೇ ಸೂಚಿಸುತ್ತದೆ. ಭಾಷೆಯಲ್ಲಿ ಪರ್ಯಾಯಪದಗಳಿರುವಂತೆ ಇಲ್ಲಿ ಪರ್ಯಾಯಗಣಗಳಿವೆ. ಎಲ್ಲ ಅಕ್ಷರದೋಷಗಳೂ ಅರ್ಥದೋಷಗಳಲ್ಲ. ಯಾವ ಸ್ಥಾನದಲ್ಲಿ ಯಾವ ಅಕ್ಷರ ತಪ್ಪಿತೆಂಬುದೇ ಮುಖ್ಯ.

ದೋಷದಲ್ಲಿ ಅಡಗಿದ ಗುಣ

ಇಷ್ಟು ಹಾನಿಕರವಾದ ತಪ್ಪು ಸಾವಿರಾರು ವರ್ಷಗಳಲ್ಲಿ ಅಳಿದುಹೋಗದೆ ಉಳಿದುದು ಹೇಗೆ ಎಂಬ ಪ್ರಶ್ನೆ ಏಳುವುದು ಸಹಜ. ಉತ್ತರವನ್ನು 1954ರಲ್ಲಿ ಆಂಥೊನಿ ಆಲಿಸನ್ ಎಂಬುವರು ಪೂರ್ವ ಆಫ್ರಿಕದಲ್ಲಿ ಕಂಡುಕೊಂಡರು. ಪ್ರತಿಯೊಬ್ಬರಲ್ಲಿಯೂ ಈ ಬರಹದ ಎರಡು ಪ್ರತಿಗಳಿರುತ್ತವೆ: ತಂದೆಯಿಂದ ಒಂದು, ತಾಯಿಯಿಂದ ಒಂದು. ಎರಡೂ ತಪ್ಪಾಗಿದ್ದರೆ ರೋಗ. ಒಂದು ಮಾತ್ರ ತಪ್ಪಾಗಿದ್ದು ಇನ್ನೊಂದು ಶುದ್ಧವಾಗಿದ್ದರೆ ಸಾಮಾನ್ಯವಾಗಿ ರೋಗಲಕ್ಷಣಗಳಿರವು, ಅಂಥವರನ್ನು ವಾಹಕರೆನ್ನುತ್ತಾರೆ. ಈ ವಾಹಕರಿಗೆ ಕಠಿಣ ಸ್ವರೂಪದ ಮಲೇರಿಯಾದಿಂದ ರಕ್ಷಣೆಯುಂಟೆಂದು ಆಲಿಸನ್ ತೋರಿಸಿದರು. ಮಲೇರಿಯಾ ತುಂಬಿದ ಸೀಮೆಗಳಲ್ಲಿ ವಾಹಕ ಮಕ್ಕಳು ಹೆಚ್ಚಾಗಿ ಬದುಕುಳಿದರು. ಅವರೊಡನೆ ಆ ಅಕ್ಷರವೂ ಉಳಿಯಿತು. ಆದುದರಿಂದಲೇ ಆಫ್ರಿಕ, ಅರೇಬಿಯ, ಗ್ರೀಸ್, ಭಾರತ ಮೊದಲಾದೆಡೆಗಳಲ್ಲಿ ಇದು ಕಂಡುಬರುತ್ತದೆ. ಇದನ್ನು ನಿರ್ಧರಿಸಿದುದು ಸೊಳ್ಳೆಯ ವಾಸಸ್ಥಾನವೇ ಹೊರತು ಜನರ ಕುಲಗೋತ್ರಗಳಲ್ಲ.

ಭಾರತದಲ್ಲಿ ಈ ರೋಗದ ಗುರುತು ಮೊದಲು ಸಿಕ್ಕಿದುದು 1952ರಲ್ಲಿ, ನಮ್ಮ ನಾಡಿನ ಗಡಿಗೆ ಹೊಂದಿಕೊಂಡಿರುವ ನೀಲಗಿರಿಯ ಗಿರಿಜನರಲ್ಲಿ. ಕರ್ನಾಟಕದ ಮೈಸೂರು, ಚಾಮರಾಜನಗರ, ಕೊಡಗು ಜಿಲ್ಲೆಗಳ ಕಾಡಂಚಿನ ಹಾಡಿಗಳಲ್ಲಿಯೂ ಇದು ಕಂಡುಬರುತ್ತದೆ. ಮಧ್ಯಭಾರತದಲ್ಲಿ ಗಿರಿಜನರಲ್ಲದವರಲ್ಲಿಯೂ ಇದೆ. 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲಿನಲ್ಲಿ ಕೇಂದ್ರಸರ್ಕಾರವು ಈ ರೋಗದ ನಿರ್ಮೂಲನಕ್ಕಾಗಿ ರಾಷ್ಟ್ರೀಯ ಅಭಿಯಾನವನ್ನು ಆರಂಭಿಸಿತು. ಕರ್ನಾಟಕವೂ ಸೇರಿ 17 ರಾಜ್ಯಗಳಲ್ಲಿ, 40 ವರ್ಷದವರೆಗಿನ 7 ಕೋಟಿ ಜನರ ರಕ್ತವನ್ನು ಪರೀಕ್ಷಿಸುವುದೂ 2047ರ ಹೊತ್ತಿಗೆ ಈ ರೋಗವನ್ನು ಇಲ್ಲವಾಗಿಸುವುದೂ ಅದರ ಗುರಿ.

ಶಾಪವೂ ಅಲ್ಲ, ಪಾಪವೂ ಅಲ್ಲ

ಇಲ್ಲಿ ವಿದ್ಯಾರ್ಥಿಗಳು ಚೆನ್ನಾಗಿ ಮನಸ್ಸಿನಲ್ಲಿಟ್ಟುಕೊಳ್ಳಬೇಕಾದ ಲೆಕ್ಕವೊಂದಿದೆ. ತಂದೆತಾಯಿಗಳಿಬ್ಬರೂ ವಾಹಕರಾಗಿದ್ದರೆ, ಅವರಿಗೆ ಹುಟ್ಟುವ ಪ್ರತಿಯೊಂದು ಮಗುವಿಗೂ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು ಪಾಲು. ವಾಹಕವಾಗುವ ಸಂಭವ ನಾಲ್ಕರಲ್ಲಿ ಎರಡು ಪಾಲು. ಎರಡೂ ಪ್ರತಿಗಳು ಶುದ್ಧವಾಗಿರುವ ಸಂಭವ ನಾಲ್ಕರಲ್ಲಿ ಒಂದು ಪಾಲು. ಈ ಲೆಕ್ಕವು ಪ್ರತಿ ಮಗುವಿಗೂ ಹೊಸದಾಗಿಯೇ ಅನ್ವಯಿಸುತ್ತದೆ. ಮೊದಲ ಮಗುವಿಗೆ ರೋಗ ಬಂದಿತು, ಇನ್ನು ಮೂವರಿಗೆ ಭಯವಿಲ್ಲ ಎಂದು ಎಣಿಸುವುದು ಸರಿಯಲ್ಲ. ತಂದೆತಾಯಿಗಳಲ್ಲಿ ಒಬ್ಬರು ಮಾತ್ರ ವಾಹಕರಾಗಿದ್ದು ಇನ್ನೊಬ್ಬರ ಎರಡು ಪ್ರತಿಗಳೂ ಶುದ್ಧವಾಗಿದ್ದರೆ ಯಾವ ಮಗುವಿಗೂ ಈ ರೋಗ ಬರುವುದಿಲ್ಲ. ಅರ್ಧದಷ್ಟು ಸಂಭವ ವಾಹಕವಾಗುವುದಕ್ಕೆ ಮಾತ್ರ. ಈ ಕಾರಣದಿಂದಲೇ ವಿವಾಹಕ್ಕೆ ಮುನ್ನ ರಕ್ತಪರೀಕ್ಷೆ ಮಾಡಿಸಿಕೊಳ್ಳುವಂತೆ ವೈದ್ಯರು ಸಲಹೆ ಕೊಡುತ್ತಾರೆ.

ಈ ಲೆಕ್ಕ ತಿಳಿಯದ ಮನೆಗಳಲ್ಲಿ ರೋಗಿಷ್ಠ ಮಗುವಿನ ಹೊಣೆಯನ್ನು ತಾಯಿಯೊಬ್ಬಳ ಮೇಲೆ ಹೊರಿಸುವ ಅನ್ಯಾಯ ನಡೆಯುತ್ತದೆ. ಕೆಲವರು ದೇವರ ಶಾಪವೆಂದೂ ಕೆಲವರು ಹಿಂದಿನ ಜನ್ಮದ ಪಾಪವೆಂದೂ ಹೇಳಿ ಆಸ್ಪತ್ರೆಗೆ ಹೋಗುವುದನ್ನೇ ತಡೆಯುತ್ತಾರೆ. ಮಗುವಿಗೆ ತಪ್ಪಿದ ಪ್ರತಿಗಳು ಬಂದುದು ತಂದೆಯಿಂದ ಒಂದು, ತಾಯಿಯಿಂದ ಒಂದು. ಇಬ್ಬರೂ ತಿಳಿದು ಕೊಟ್ಟುದಲ್ಲ. ರೋಗವು ಮುಟ್ಟಿದರೆ ಹರಡುವುದಲ್ಲ. ಪಂಕ್ತಿಯಲ್ಲಿ ಕುಳಿತು ಉಂಡರೆ ಅಂಟುವುದಲ್ಲ. ವಾಹಕನೆಂಬ ಕಾರಣಕ್ಕೆ ಒಬ್ಬ ಹುಡುಗನನ್ನು ಅಥವಾ ಹುಡುಗಿಯನ್ನು ಕೀಳಾಗಿ ಕಾಣುವುದು ಅಜ್ಞಾನವೂ ಹೌದು, ಅಧರ್ಮವೂ ಹೌದು. ಹುಟ್ಟಿನಿಂದ ಮೇಲುಕೀಳುಗಳನ್ನು ಎಣಿಸುವುದನ್ನು 12ನೆಯ ಶತಮಾನದ ಶರಣರು ಒಪ್ಪಲಿಲ್ಲ. ಅವರ ಹೆಸರನ್ನು ನಿತ್ಯವೂ ಸ್ಮರಿಸುವ ವಿದ್ಯಾಸಂಸ್ಥೆಯಲ್ಲಿ ಓದುವವರು ರಕ್ತದ ಹೆಸರಿನಲ್ಲಿ ಹೊಸದೊಂದು ಮೇಲುಕೀಳು ಹುಟ್ಟದಂತೆ ನೋಡಿಕೊಳ್ಳಬೇಕು.

ತಿದ್ದುವ ವಿದ್ಯೆ

ರೋಗಿಗಳ ನೋವನ್ನು ತಗ್ಗಿಸುವ ಹೈಡ್ರಾಕ್ಸಿಯೂರಿಯ ಎಂಬ ಔಷಧಕ್ಕೆ ಅಮೆರಿಕದಲ್ಲಿ 1998ರಲ್ಲಿಯೇ ಮನ್ನಣೆ ದೊರೆಯಿತು. ಅದು ನಮ್ಮಲ್ಲಿಯೂ ಬಳಕೆಯಲ್ಲಿದೆ. ಹೊಂದುವ ದಾನಿ ದೊರೆತರೆ ಅಸ್ಥಿಮಜ್ಜೆಯ ಕಸಿಯಿಂದ ರೋಗವನ್ನು ಗುಣಪಡಿಸಬಹುದು. ಬರಹವನ್ನೇ ತಿದ್ದುವ ಉಪಾಯವು ಈ ಶತಮಾನದ್ದು. 2012ರಲ್ಲಿ ಎಮಾನ್ಯುಯೆಲ್ ಶಾರ್ಪಾಂತಿಯೆ ಮತ್ತು ಜೆನಿಫರ್ ಡೌಡ್ನಾ ಎಂಬ ಇಬ್ಬರು ವಿದುಷಿಯರು ಕ್ರಿಸ್ಪರ್ ಎಂಬ ಸಾಧನವನ್ನು ಪ್ರಕಟಪಡಿಸಿದರು. 2020ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಸಂದಿತು. ಸೂಕ್ಷ್ಮಾಣುಜೀವಿಗಳು ತಮ್ಮ ಮೇಲೆರಗುವ ವೈರಸ್ಸುಗಳನ್ನು ಗುರುತಿಸಿ ಕತ್ತರಿಸಲು ಬಳಸುವ ಪ್ರೋಟೀನನ್ನೇ ಅವರು ಉಪಕರಣವಾಗಿ ಮಾರ್ಪಡಿಸಿದರು. ಕ್ಯಾಸ್-9 ಎಂಬ ಆ ಪ್ರೋಟೀನಿಗೆ ಹುಡುಕಬೇಕಾದ ಪದವನ್ನು ಬರೆದ ಒಂದು ಚೀಟಿಯನ್ನು ಕೊಟ್ಟರೆ, 300 ಕೋಟಿ ಅಕ್ಷರಗಳ ನಡುವೆ ಆ ಪದವನ್ನು ಹುಡುಕಿ ಅಲ್ಲಿ ನಿಂತು ಕತ್ತರಿಸುತ್ತದೆ. ಚೀಟಿಯ ಕೆಲಸ ಮಾಡುವುದು ಆರ್‌ಎನ್‌ಎ ಎಂಬ ಮತ್ತೊಂದು ಅಣು.

ಈ ವಿದ್ಯೆಯಿಂದ ಸಿದ್ಧವಾದ ಕ್ಯಾಸ್‌ಜೆವಿ ಎಂಬ ಚಿಕಿತ್ಸೆಗೆ 2023ರ ನವೆಂಬರಿನಲ್ಲಿ ಬ್ರಿಟನ್ನಿನಲ್ಲಿಯೂ ಡಿಸೆಂಬರಿನಲ್ಲಿ ಅಮೆರಿಕದಲ್ಲಿಯೂ ಅನುಮತಿ ದೊರೆಯಿತು. ಇದರಲ್ಲಿ ಒಂದು ಸ್ವಾರಸ್ಯವಿದೆ. ಈ ಚಿಕಿತ್ಸೆಯು ತಪ್ಪಿದ ಅಕ್ಷರವನ್ನು ತಿದ್ದುವುದಿಲ್ಲ. ಶಿಶುವು ಗರ್ಭದಲ್ಲಿರುವಾಗ ಅದರ ರಕ್ತದಲ್ಲಿ ಬೇರೊಂದು ಬಗೆಯ ಹಿಮೋಗ್ಲೋಬಿನ್ ಇರುತ್ತದೆ. ಅದರಲ್ಲಿ ಈ ದೋಷವಿಲ್ಲ. ಹುಟ್ಟಿದ ಕೆಲವು ತಿಂಗಳುಗಳಲ್ಲಿ ಶರೀರವು ಅದನ್ನು ಮುಚ್ಚಿ ಬೀಟಾ ಸರಪಣಿಯ ಬರಹವನ್ನು ತೆರೆಯುತ್ತದೆ. ಮುಚ್ಚುವ ಕೆಲಸ ಮಾಡುವ ಜೀನಿನ ಒಂದು ಭಾಗವನ್ನು ಕ್ರಿಸ್ಪರ್ ಕತ್ತರಿಸುತ್ತದೆ. ಆಗ ಗರ್ಭದ ಹಿಮೋಗ್ಲೋಬಿನ್ನು ಮತ್ತೆ ಹುಟ್ಟತೊಡಗುತ್ತದೆ. ಗ್ರಂಥಸಂಪಾದನೆಯ ಮಾತಿನಲ್ಲಿ ಹೇಳುವುದಾದರೆ, ಕೆಟ್ಟ ಪ್ರತಿಯನ್ನು ತಿದ್ದುತ್ತ ಕೂರದೆ, ಕಟ್ಟಿಟ್ಟಿದ್ದ ಹಳೆಯ ಶುದ್ಧಪ್ರತಿಯನ್ನು ಬಿಚ್ಚಿ ಓದಿದಂತೆ. ಇದರ ಪರೀಕ್ಷೆಯಲ್ಲಿ ಫಲಿತಾಂಶಕ್ಕೆ ಪರಿಗಣಿಸಲಾದ 31 ರೋಗಿಗಳಲ್ಲಿ 29 ಮಂದಿಗೆ ಎಡೆಬಿಡದೆ 12 ತಿಂಗಳುಗಳಾದರೂ ತೀವ್ರ ನೋವಿನ ಬಾಧೆ ಬರಲಿಲ್ಲ.

ಆದರೆ ಅಲ್ಲಿ ಇದರ ಬೆಲೆ 22 ಲಕ್ಷ ಡಾಲರು. ಆಗಿನ ದರದಲ್ಲಿ 18 ಕೋಟಿ ರೂಪಾಯಿಗೂ ಹೆಚ್ಚು. ಕಠಿಣ ಔಷಧಗಳಿಂದ ಹಳೆಯ ಮಜ್ಜೆಯನ್ನು ತೆರವುಗೊಳಿಸಿದ ಬಳಿಕವೇ ತಿದ್ದಿದ ಕೋಶಗಳನ್ನು ಶರೀರಕ್ಕೆ ಸೇರಿಸಬೇಕು. ವಾರಗಟ್ಟಲೆ ದೊಡ್ಡ ಆಸ್ಪತ್ರೆಯಲ್ಲಿರಬೇಕು. ಈ ರೋಗದಿಂದ ನರಳುವವರಲ್ಲಿ ಬಹುಮಂದಿ ಬಡವರು. ಔಷಧವಿದ್ದೂ ರೋಗಿಗೆ ಎಟುಕದಿರುವುದು ನಮ್ಮ ಕಾಲದ ದೊಡ್ಡ ಸಂಕಟ. ದೆಹಲಿಯ ಐಜಿಐಬಿ ಸಂಸ್ಥೆಯ ವಿಜ್ಞಾನಿಗಳು ಕಡಮೆ ವೆಚ್ಚದ ಸ್ವದೇಶೀ ಚಿಕಿತ್ಸೆಗಾಗಿ ಶ್ರಮಿಸುತ್ತಿರುವುದು ಈ ದೃಷ್ಟಿಯಿಂದ ಅಭಿನಂದನೀಯ.

ಇಂಗಾಲದ ಜೋಡಣೆ

ಈಗ ಎರಡನೆಯ ವಿಷಯಕ್ಕೆ ಬರೋಣ. ಒಲೆಯಲ್ಲಿ ಉಳಿಯುವ ಇದ್ದಿಲು, ಸೀಸದ ಕಡ್ಡಿಯ ಕಪ್ಪು, ಕಿರೀಟದ ವಜ್ರ ಇವೆಲ್ಲವೂ ಮೂಲತಃ ಇಂಗಾಲವೇ. ವಜ್ರದಲ್ಲಿ ಪ್ರತಿಯೊಂದು ಪರಮಾಣುವೂ ನಾಲ್ಕು ನೆರೆಯವುಗಳೊಡನೆ ಬಿಗಿದುಕೊಂಡಿದೆ. ಆದುದರಿಂದ ಅದು ಅತಿ ಕಠಿಣ, ವಿದ್ಯುತ್ತನ್ನು ಹರಿಯಗೊಡದು. ಸೀಸದ ಕಡ್ಡಿಯ ಗ್ರಾಫೈಟಿನಲ್ಲಿ ಪ್ರತಿಯೊಂದೂ ಮೂರರೊಡನೆ ಸೇರಿ ಜೇನುಹುಟ್ಟಿನಂಥ ಆರು ಮೂಲೆಗಳ ಹಾಳೆಗಳಾಗಿವೆ. ಹಾಳೆಗಳು ಒಂದರ ಮೇಲೊಂದು ಜಾರುತ್ತವೆ. ಆದುದರಿಂದಲೇ ಅದು ಕಾಗದದ ಮೇಲೆ ಗೆರೆ ಮೂಡಿಸುತ್ತದೆ, ವಿದ್ಯುತ್ತನ್ನೂ ಹರಿಯಗೊಡುತ್ತದೆ. ವಸ್ತು ಒಂದೇ, ಜೋಡಣೆ ಬೇರೆ: ‘ನದಿ’ ಮತ್ತು ‘ದಿನ’ಗಳ ಹಾಗೆ.

ಇಂಗಾಲದ ಪದಗಳು ಇಷ್ಟಕ್ಕೇ ಮುಗಿಯಲಿಲ್ಲ. 1985ರಲ್ಲಿ ಕ್ರೋಟೊ, ಕರ್ಲ್, ಸ್ಮಾಲಿ ಎಂಬುವರು 60 ಪರಮಾಣುಗಳು ಕಾಲ್ಚೆಂಡಿನಂತೆ ಗೋಳಾಕಾರವಾಗಿ ಸೇರಿದ ಅಣುವನ್ನು ಕಂಡುಹಿಡಿದು 1996ರಲ್ಲಿ ನೊಬೆಲ್ ಪಾರಿತೋಷಕ ಪಡೆದರು. 1991ರಲ್ಲಿ ಜಪಾನಿನ ಸುಮಿಯೊ ಇಜಿಮಾ ಅವರು ಇಂಗಾಲದ ಹಾಳೆ ಸುರುಳಿ ಸುತ್ತಿದಂತಿರುವ ಅತಿ ಸಣ್ಣ ನಳಿಕೆಗಳನ್ನು ವರ್ಣಿಸಿದರು. 2004ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಆಂದ್ರೆ ಗೈಮ್ ಮತ್ತು ಕಾನ್‌ಸ್ಟಾಂಟಿನ್ ನೊವೊಸೆಲೊವ್ ಎಂಬ ಇಬ್ಬರು ಗ್ರಾಫೈಟಿನ ಮೇಲೆ ಅಂಟುಪಟ್ಟಿಯನ್ನು ಅಂಟಿಸಿ ಕಿತ್ತು, ಮತ್ತೆ ಮತ್ತೆ ಹಾಗೆ ಮಾಡಿ, ಕೊನೆಗೆ ಒಂದೇ ಒಂದು ಪದರದ ಹಾಳೆಯನ್ನು ಬೇರ್ಪಡಿಸಿದರು. ಅದೇ ಗ್ರಾಫೀನ್. 2010ರಲ್ಲಿ ಅವರಿಗೂ ನೊಬೆಲ್ ಪಾರಿತೋಷಕ ಸಂದಿತು. ಅಂಗಡಿಯಲ್ಲಿ ಸಿಗುವ ಅಂಟುಪಟ್ಟಿಯಿಂದ ಇಂಥ ಸಾಧನೆ ನಡೆಯಿತೆಂಬುದನ್ನು ಬಡ ವಿದ್ಯಾರ್ಥಿಗಳು ಗಮನಿಸಬೇಕು.

ಇದರ ಪ್ರಮಾಣವನ್ನು ಅರಿಯಲು ನ್ಯಾನೊಮೀಟರ್ ಎಂಬ ಅಳತೆ ಬೇಕು. ಒಂದು ಮೀಟರಿನ 100 ಕೋಟಿಯಲ್ಲಿ ಒಂದು ಭಾಗವೇ ನ್ಯಾನೊಮೀಟರ್. ಕೆಂಪು ರಕ್ತಕಣದ ಅಡ್ಡಳತೆ ಸುಮಾರು ಏಳೆಂಟು ಸಾವಿರ ನ್ಯಾನೊಮೀಟರ್; ಡಿಎನ್‌ಎ ಎಳೆಯ ಅಗಲ ಎರಡು; ಗ್ರಾಫೀನ್ ಹಾಳೆಯ ದಪ್ಪ ಒಂದರ ಮೂರನೆಯ ಒಂದು ಭಾಗ. ಇಂಥ ಸುಮಾರು 30 ಲಕ್ಷ ಹಾಳೆಗಳನ್ನು ಒಟ್ಟಿದರೆ ಒಂದು ಮಿಲಿಮೀಟರ್ ದಪ್ಪವಾದೀತು.

ನಳಿಕೆಗಳಲ್ಲಿ ಇನ್ನೊಂದು ಚಮತ್ಕಾರವುಂಟು. ಚಾಪೆಯನ್ನು ನೆಟ್ಟಗೆ ಸುತ್ತಬಹುದು, ಓರೆಯಾಗಿಯೂ ಸುತ್ತಬಹುದು. ಇಂಗಾಲದ ಹಾಳೆಯು ಸುತ್ತಿಕೊಂಡ ಓರೆಯನ್ನು ಎರಡು ಪೂರ್ಣಾಂಕಗಳಿಂದ ಸೂಚಿಸುತ್ತಾರೆ. ಆ ಅಂಕಗಳ ವ್ಯತ್ಯಾಸವು ಮೂರರಿಂದ ಶೇಷವಿಲ್ಲದೆ ಭಾಗವಾದರೆ ನಳಿಕೆಯು ಲೋಹದಂತೆ ವರ್ತಿಸುತ್ತದೆ. ಶೇಷ ಉಳಿದರೆ ಅರೆವಾಹಕದಂತೆ ವರ್ತಿಸುತ್ತದೆ. ಒಂದು ಮಾತ್ರೆ ಹೆಚ್ಚುಕಡಮೆಯಾದರೆ ಛಂದಸ್ಸೇ ಬೇರೆಯಾಗುವಂತೆ, ಸುತ್ತಿನ ಒಂದು ಹೆಜ್ಜೆ ಬದಲಾದರೆ ವಿದ್ಯುದ್ಗುಣವೇ ಬೇರೆಯಾಗುತ್ತದೆ.

ಅರೆವಾಹಕದ ಪ್ರಯೋಜನವೇನೆಂದರೆ, ಅದರಿಂದ ಟ್ರಾನ್ಸಿಸ್ಟರನ್ನು ಮಾಡಬಹುದು. 1947ರಲ್ಲಿ ಅಮೆರಿಕದಲ್ಲಿ ನಿರ್ಮಿತವಾದ ಈ ಸಾಧನವನ್ನು ಕೆರೆಯ ತೂಬಿಗೆ ಹೋಲಿಸಬಹುದು. ತೂಬನ್ನು ಎತ್ತಿದರೆ ನೀರು ಹರಿಯುವುದು, ಇಳಿಸಿದರೆ ನಿಲ್ಲುವುದು. ಟ್ರಾನ್ಸಿಸ್ಟರಿನಲ್ಲಿ ಹರಿಯುವುದು ವಿದ್ಯುತ್ತು. ಹರಿವು ಮತ್ತು ತಡೆ ಎಂಬ ಎರಡೇ ಸಂಕೇತಗಳಿಂದ ಗಣಕಯಂತ್ರದ ಸಮಸ್ತ ಲೆಕ್ಕವೂ ನಡೆಯುತ್ತದೆ. 2019ರಲ್ಲಿ ಅಮೆರಿಕದ ಎಂಐಟಿ ಸಂಸ್ಥೆಯವರು ಇಂಗಾಲದ ನಳಿಕೆಗಳ 14,000ಕ್ಕೂ ಹೆಚ್ಚು ಟ್ರಾನ್ಸಿಸ್ಟರುಗಳಿಂದ ಒಂದು ಗಣಕಯಂತ್ರದ ತಿರುಳನ್ನು ರಚಿಸಿದರು. ಗ್ರಾಫೀನಿಗಾದರೋ ಒಂದು ಕೊರತೆಯಿದೆ: ಅದರ ತೂಬು ಪೂರ್ತಿ ಮುಚ್ಚುವುದಿಲ್ಲ, ಹರಿವು ಸ್ವಲ್ಪ ಸೋರುತ್ತಲೇ ಇರುತ್ತದೆ. ಆದುದರಿಂದ ಲೆಕ್ಕದ ಯಂತ್ರಕ್ಕೆ ಅದು ಸುಲಭವಾಗಿ ಒದಗದು. ಮಾಲಿಬ್ಡಿನಮ್ ಮತ್ತು ಗಂಧಕಗಳು ಸೇರಿದ ತೆಳು ಹಾಳೆಗೆ ಈ ಕೊರತೆಯಿಲ್ಲವೆಂದು 2011ರಲ್ಲಿ ಸ್ವಿಟ್ಜರ್‌ಲೆಂಡಿನ ಲೋಸಾನ್ನಿನಲ್ಲಿ ತೋರಿಸಿದರು.

ಈ ಕ್ಷೇತ್ರದಲ್ಲಿ ನಮ್ಮ ನಾಡಿನ ಪಾಲೂ ಸಣ್ಣದಲ್ಲ. ಬೆಂಗಳೂರಿನಲ್ಲಿ ಜನಿಸಿ, ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಓದಿ, 2014ರಲ್ಲಿ ಭಾರತರತ್ನ ಪ್ರಶಸ್ತಿ ಸ್ವೀಕರಿಸಿದ ಸಿ. ಎನ್. ಆರ್. ರಾವ್ ಅವರು 1989ರಲ್ಲಿ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವನ್ನು ಸ್ಥಾಪಿಸಿ, ಇಂಗಾಲದ ನಳಿಕೆಗಳನ್ನೂ ಗ್ರಾಫೀನನ್ನೂ ಕುರಿತು ದೀರ್ಘಕಾಲ ಸಂಶೋಧನೆ ನಡೆಸಿದರು. 2025ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಜಪಾನಿನ ವಿಜ್ಞಾನಿಗಳೊಡನೆ ಸೇರಿ, ಅತಿಶುದ್ಧವಾದ ಗ್ರಾಫೀನಿನಲ್ಲಿ ಎಲೆಕ್ಟ್ರಾನುಗಳು ಬಿಡಿಬಿಡಿಯಾಗಿ ಓಡದೆ ದ್ರವದಂತೆ ಒಟ್ಟಾಗಿ ಹರಿಯುವುದನ್ನು ಪ್ರಕಟಿಸಿದರು. ಲೋಹಗಳಲ್ಲಿ ಶಾಖದ ಹರಿವಿಗೂ ವಿದ್ಯುತ್ತಿನ ಹರಿವಿಗೂ ಇರುವ ಪ್ರಮಾಣವನ್ನು 1853ರಷ್ಟು ಹಿಂದೆಯೇ ವೀಡೆಮಾನ್ ಮತ್ತು ಫ್ರಾಂಟ್ಸ್ ಎಂಬುವರು ಗೊತ್ತುಮಾಡಿದ್ದರು. ಆ ನಿಯಮವು ಇಲ್ಲಿ 200 ಪಟ್ಟಿಗೂ ಮೀರಿ ತಪ್ಪಿತು.

ಹಾಳೆಯು ಅಕ್ಷರವನ್ನು ಓದಿದುದು

ಗ್ರಾಫೀನಿನ ಎಲ್ಲ ಪರಮಾಣುಗಳೂ ಮೇಲ್ಮೈಯಲ್ಲಿಯೇ ಇವೆ. ಒಳಗೆ ಅವಿತದ್ದು ಒಂದೂ ಇಲ್ಲ. ಆದುದರಿಂದ ಅದರ ಸಮೀಪಕ್ಕೆ ವಿದ್ಯುದಾವೇಶವುಳ್ಳ ಯಾವ ಅಣು ಬಂದರೂ ಹಾಳೆಯಲ್ಲಿ ಹರಿಯುವ ವಿದ್ಯುತ್ತು ಏರುಪೇರಾಗುತ್ತದೆ. ಡಿಎನ್‌ಎ ಋಣ ಆವೇಶವುಳ್ಳದ್ದು. ಹಾಗಿದ್ದರೆ ಗ್ರಾಫೀನ್ ಹಾಳೆಗೆ ಡಿಎನ್‌ಎಯನ್ನು ಗುರುತಿಸುವ ಶಕ್ತಿ ಇರಬೇಕಲ್ಲವೆ? ಇದ್ದೇ ಇದೆ, ಆದರೆ ಯಾವ ಬರಹ ಹತ್ತಿರ ಬಂದಿದೆಯೆಂದು ಅದಕ್ಕೆ ತಿಳಿಯದು. ಅದನ್ನು ತಿಳಿಯುವ ಶಕ್ತಿ ಇರುವುದು ಚೀಟಿ ಹಿಡಿದ ಕ್ಯಾಸ್-9 ಪ್ರೋಟೀನಿಗೆ.

ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಕಿಯಾನಾ ಅರನ್ ಎಂಬ ವಿದುಷಿಯೂ ಅವರ ಸಂಗಡಿಗರೂ ಇವೆರಡನ್ನು ಜೋಡಿಸಿದರು. ಗ್ರಾಫೀನ್ ಟ್ರಾನ್ಸಿಸ್ಟರಿನ ಮೇಲೆ, ಕತ್ತರಿಸುವ ಶಕ್ತಿಯನ್ನು ತೆಗೆದುಹಾಕಿದ ಕ್ಯಾಸ್-9 ಪ್ರೋಟೀನನ್ನು ನೆಲೆಗೊಳಿಸಿದರು. ರಕ್ತದಿಂದ ತೆಗೆದ ಡಿಎನ್‌ಎ ಹರಿದಾಗ ಪ್ರೋಟೀನು ತನ್ನ ಚೀಟಿಗೆ ಹೊಂದುವ ಪದವನ್ನು ಹಿಡಿದುಕೊಳ್ಳುತ್ತದೆ. ಹಿಡಿದೊಡನೆ ಹಾಳೆಯ ವಿದ್ಯುತ್ತು ಬದಲಾಗುತ್ತದೆ. 2019ರಲ್ಲಿ ಪ್ರಕಟವಾದ ಈ ಸಾಧನವು, ಸ್ನಾಯುಗಳನ್ನು ಕ್ಷಯಿಸುವ ಆನುವಂಶಿಕ ರೋಗವೊಂದರ ಜೀನಿನಲ್ಲಿ ಬಿಟ್ಟುಹೋದ ಭಾಗವನ್ನು 15 ನಿಮಿಷಗಳೊಳಗೆ ಗುರುತಿಸಿತು. 2021ರಲ್ಲಿ ಅದೇ ತಂಡವು ಇನ್ನೂ ಸೂಕ್ಷ್ಮವಾದ ಕಾರ್ಯವನ್ನು ಸಾಧಿಸಿತು: ಕುಡುಗೋಲು ಕಣದ ರೋಗಿಗಳ ಡಿಎನ್‌ಎಯಲ್ಲಿ ತಪ್ಪಿದ ಆ ಒಂದಕ್ಷರವನ್ನು ಗ್ರಾಫೀನ್ ಟ್ರಾನ್ಸಿಸ್ಟರಿನ ಮೂಲಕ ಬೇರ್ಪಡಿಸಿ ತೋರಿಸಿತು. ಕೋವಿಡ್ ಕಾಲದಲ್ಲಿ ನಾವೆಲ್ಲ ಕೇಳಿದ ಪಿಸಿಆರ್ ವಿಧಾನದಲ್ಲಿ ಬರಹವನ್ನು ಕೋಟಿಗಟ್ಟಲೆ ಪ್ರತಿ ಮಾಡಿದ ಬಳಿಕ ಓದುತ್ತಾರೆ. ಇಲ್ಲಿ ಪ್ರತಿ ಮಾಡುವ ಆವಶ್ಯಕತೆಯೇ ಬೀಳಲಿಲ್ಲ.

1949ರಲ್ಲಿ ಪಾಲಿಂಗರು ಪ್ರೋಟೀನಿನ ವಿದ್ಯುದಾವೇಶದಿಂದ ಈ ರೋಗದ ಗುಟ್ಟನ್ನು ಹಿಡಿದರು. 72 ವರ್ಷಗಳ ಮೇಲೆ ಮತ್ತೆ ವಿದ್ಯುದಾವೇಶವೇ ಅದರ ಮೂಲಾಕ್ಷರವನ್ನು ಓದಿಕೊಟ್ಟಿತು. ರೋಗವಿಜ್ಞಾನವೂ ವಸ್ತುವಿಜ್ಞಾನವೂ ಪ್ರತ್ಯೇಕವಾಗಿ ಬೆಳೆದು ಇಲ್ಲಿ ಕೂಡಿಕೊಂಡುವು. ಆದರೆ ಇದು ಇನ್ನೂ ಪ್ರಯೋಗಶಾಲೆಯ ಹಂತದ ವಿದ್ಯೆ. ನಮ್ಮ ಪ್ರಾಥಮಿಕ ಆರೋಗ್ಯಕೇಂದ್ರಗಳಲ್ಲಿ ಬೆರಳ ತುದಿಯ ಒಂದು ಹನಿ ರಕ್ತದಿಂದ ಮಾಡುವ ಸರಳ ಪರೀಕ್ಷೆಗಳೇ ಇಂದಿಗೂ ಆಧಾರ. ಹೊಸದು ಬರುವವರೆಗೆ ಕಾಯುತ್ತ ಕೂರದೆ ಇರುವುದನ್ನು ಉಪಯೋಗಿಸಿಕೊಳ್ಳುವುದು ವಿವೇಕ.

ಕಡೆಯ ಮಾತು

ಈ ಲೇಖನದಲ್ಲಿ ಅಕ್ಷರ, ಗಣ, ಪ್ರತಿ, ಪರ್ಯಾಯ ಎಂಬ ಮಾತುಗಳನ್ನು ಉಪಮಾನಗಳಾಗಿ ಬಳಸಲಾಗಿದೆ. ಉಪಮೆಯು ಅರ್ಥವನ್ನು ಬೆಳಗಿಸುತ್ತದೆ; ಅದು ಪ್ರಮಾಣವಲ್ಲ. ಛಂದಸ್ಸಿನಲ್ಲಿ ಮೂರಕ್ಷರದ ಗಣವಿದೆಯೆಂದು ನಮ್ಮ ಪೂರ್ವಿಕರಿಗೆ ಡಿಎನ್‌ಎ ತಿಳಿದಿತ್ತೆಂದು ವಾದಿಸುವುದು ತರವಲ್ಲ. ದರ್ಶನಗಳಲ್ಲಿ ಬರುವ ‘ಅಣು’ ಶಬ್ದವೂ ಇಂದಿನ ವಿಜ್ಞಾನದ ‘ಅಣು’ವೂ ಒಂದೇ ಅಲ್ಲ. ಪೂರ್ವಿಕರು ನಮಗೆ ಬಿಟ್ಟುಹೋದುದು ಸೂಕ್ಷ್ಮವಾಗಿ ನೋಡುವ, ಎಣಿಸುವ, ವರ್ಗೀಕರಿಸುವ ಶಿಸ್ತನ್ನು. ಹೊಸ ವಿಷಯವನ್ನು ಹೇಳಬಲ್ಲ ಸಮರ್ಥವಾದ ಭಾಷೆಯನ್ನು. ಅವರ ಹಿರಿಮೆಗೆ ಅಷ್ಟು ಸಾಕು. ಇಲ್ಲದ ಹಿರಿಮೆಯನ್ನು ಆರೋಪಿಸಿದರೆ ಇದ್ದ ಹಿರಿಮೆಗೂ ಕುಂದು ಬರುತ್ತದೆ.

ವಿದ್ಯಾರ್ಥಿಗಳೇ, ಮಠಗಳ ಪರಂಪರೆಯಲ್ಲಿ ಅನ್ನದಾಸೋಹದಂತೆ ಅಕ್ಷರದಾಸೋಹವೂ ಉಂಟು. ದಾಸೋಹದ ತತ್ತ್ವವು ಪಡೆದವನು ಮತ್ತೊಬ್ಬನಿಗೆ ಕೊಡಬೇಕೆಂಬುದು. ನಿಮ್ಮಲ್ಲಿ ಯಾರಾದರೂ ಮುಂದೆ ವೈದ್ಯರಾಗಿ, ಯಂತ್ರಶಿಲ್ಪಿಗಳಾಗಿ, ಸಂಶೋಧಕರಾಗಿ ಹೆಸರು ಗಳಿಸಬಹುದು. ಹದಿನೆಂಟು ಕೋಟಿಯ ಚಿಕಿತ್ಸೆಯನ್ನು ಬಡವನ ಬಾಗಿಲಿಗೆ ತರುವ ಮಾರ್ಗವನ್ನು ಹುಡುಕಬಹುದು. ಎಲ್ಲರಿಗೂ ಅದು ಸಾಧ್ಯವಾಗದೆ ಹೋಗಬಹುದು. ಆದರೆ ರಜೆಯಲ್ಲಿ ಊರಿಗೆ ಹೋದಾಗ, ರಕ್ತಪರೀಕ್ಷೆಗೆ ಅಂಜುವ ನೆರೆಮನೆಯವರಿಗೆ ಇದು ಶಾಪವಲ್ಲವೆಂದೂ ತಾಯಿಯದೊಬ್ಬಳ ತಪ್ಪಲ್ಲವೆಂದೂ ತಿಳಿಯಾದ ಕನ್ನಡದಲ್ಲಿ ಹೇಳಿ, ಆರೋಗ್ಯಕೇಂದ್ರದವರೆಗೆ ಜೊತೆಗೆ ನಡೆದು ಬರುವುದು ನಿಮ್ಮೆಲ್ಲರಿಂದಲೂ ಸಾಧ್ಯ. ಕಲಿತ ಅಕ್ಷರವು ಅಷ್ಟಕ್ಕಾದರೂ ಒದಗಲಿ ಎಂದು ಹಾರೈಸುತ್ತೇನೆ.